ಎಡಗಿವಿ

ಅಲ್ಲಿ ನಿಲ್ಲಬೇಡ, ಯೋನಾ.
ಇಪ್ಪತ್ತೆರಡು ವರ್ಷ ನಾನು ನಿಂತ ಜಾಗ ಅದು,
ದಾವಲಸಾಬನ ಬಲಕ್ಕೆ, ಎರಡು ಮೊಳ ದೂರ.
ಅವನ ಸಿಂಬಲ್ಲು, ಆ ಹಿತ್ತಾಳೆ ತಾಟು,
ಸರಿಯಾಗಿ ನನ್ನ ಎಡಗಿವಿಯ ಎತ್ತರಕ್ಕೇ ತೂಗುತ್ತಿತ್ತು.
ಲಿಂಗಸುಗೂರಿನ ಮದುವೆ, ಸಿಂಧನೂರಿನ ಆರತಕ್ಷತೆ,
ಮಸ್ಕಿಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ.
ಒಂದೊಂದು ರಾತ್ರಿಗೆ ಒಂದೊಂದು ಹಿಡಿ
ಕಿವಿಯೊಳಗಿನ ಹುಲ್ಲು ಕೊಯ್ದುಕೊಂಡು ಹೋಯಿತು ಅದು.
ಮತ್ತೆ ಚಿಗುರುವ ಹುಲ್ಲಲ್ಲವಂತೆ.

ಬಾ, ಈ ಮಾನಿಟರ್ ಡಬ್ಬಿ ನೋಡು.
ಇದು ಹಾಡುತ್ತಿರುವುದು ನಿನ್ನ ಮೊಣಕಾಲಿಗೆ.
ಮೊಣಕಾಲಿಗೆ ಕಿವಿ ಇಲ್ಲ.
ಮುಂದಿನ ಅಂಚಿಗೆ ಒಂದು ಇಟ್ಟಿಗೆ ಕೊಡು, ಮುಖ ಎತ್ತಿಸು,
ಎರಡು ಹೆಜ್ಜೆ ಹಿಂದಕ್ಕೆ ಬಾ.
ಈಗ ಕೇಳಿತಾ?
ಕೇಳದಿದ್ದರೂ ನಿನ್ನದನ್ನು ಏರಿಸಬೇಡ.
ನೀನು ಏರಿಸಿದರೆ ಗಿಟಾರಿನವನು ಏರಿಸುತ್ತಾನೆ,
ಅವನು ಏರಿಸಿದರೆ ಕೀಬೋರ್ಡು,
ಕೊನೆಗೆ ನಗೀನಾ ಮೈಕು ನುಂಗುವ ಹಾಗೆ ಚೀರುತ್ತಾಳೆ,
ಮದುಮಗಳು ಒಂದು ಕಿವಿ ಮುಚ್ಚಿಕೊಂಡು ಫೋಟೋಕ್ಕೆ ನಗುತ್ತಾಳೆ.
ಮಿಕ್ಸರಿನ ಮುಂದೆ ಕೂತವನಿಗೆ ಕೈಮಾಡು.
ಅವನ ಹೆಸರು ಮೌನೇಶ. ನಗಬೇಡ.
"ಕೀಬೋರ್ಡ್ ಇಳಸೋ ತಮ್ಮಾ, ನಂದು ಏರಸಬ್ಯಾಡ" ಅನ್ನು.
ಇಳಿಸು ಅನ್ನುವ ಮಾತು
ನಮ್ಮ ಆರ್ಕೆಸ್ಟ್ರಾದಲ್ಲಿ ಇನ್ನೂ ಯಾರಿಗೂ ಬಾಯಿಪಾಠವಾಗಿಲ್ಲ.

ಹಗಲು ನಾನು ಹಟ್ಟಿ ಗಣಿಯ ಆಳದಲ್ಲಿ.
ಕಂಪನಿ ಕೊಟ್ಟ ಕಿತ್ತಳೆ ಬಣ್ಣದ ಬಿರಡೆ
ಕಿವಿಗೆ ಜಡಿಯದೆ ಕೊರೆಯುವ ಮಿಷನ್ನು ಮುಟ್ಟಿದವನಲ್ಲ.
ಸಂಜೆ ಮೈ ತೊಳೆದು, ಮಿಂಚುವ ಅಂಗಿ ತೊಟ್ಟು,
ಅದೇ ಬಿರಡೆ ಜೇಬಿನಲ್ಲಿರುವುದು ಗೊತ್ತಿದ್ದೂ
ಬರಿಗಿವಿಯಲ್ಲಿ ವೇದಿಕೆ ಹತ್ತುತ್ತಿದ್ದೆ.
ಅದು ಸದ್ದು, ಇದು ಸಂಗೀತ, ಅಂತ.
ಕಿವಿಗೆ ಆ ಫರಕು ಗೊತ್ತಿರಲಿಲ್ಲ.

ವರ್ಷಕ್ಕೊಮ್ಮೆ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ.
ಸದ್ದು ಕೇಳಿದಾಗ ಗುಂಡಿ ಒತ್ತಬೇಕು.
ಒತ್ತಿದೆ. ಒತ್ತುತ್ತಲೇ ಇದ್ದೆ.
ನರ್ಸಮ್ಮ ಕದ ತೆಗೆದು,
"ಅಮರೇಶಪ್ಪಾ, ಮಿಷನ್ ಇನ್ನಾ ಚಾಲೂನೇ ಮಾಡಿಲ್ರೀ."

ಮಂದ್ರ ಎಲ್ಲೂ ಹೋಗುವುದಿಲ್ಲ, ಯೋನಾ,
ನಮ್ಮ ನಾಲ್ಕು ತಂತಿ ಕಡೆತನಕ ಉಳಿಯುತ್ತವೆ.
ಹೋಗುವುದು ಮೇಲಿನವು.
ಮೊದಲು ಸೊಳ್ಳೆ ಹೋಯಿತು, ಖುಷಿಪಟ್ಟೆ.
ಆಮೇಲೆ ಬಳೆ.
ಆಮೇಲೆ ಕುಕ್ಕರಿನ ಸೀಟಿ; ಬೇಳೆ ಎರಡು ಸಲ ಸೀದಿತು.
ಆಮೇಲೆ ಒಂದು ಅಕ್ಷರ.

ಒಂದು ಬೆಳಿಗ್ಗೆ ಹುಲಿಗೆಮ್ಮ ಚಹಾ ಕೊಟ್ಟು
ಬಾಗಿಲಿಗೆ ಒರಗಿ ನಿಂತು ಕೇಳಿದಳು:
"ಸಕ್ಕರಿ ಕಡಿಮಿ ಆಗೇತೇನು?"
ನನಗೆ ಕೇಳಿದ್ದು:
ಅಕ್ಕರಿ ಕಡಿಮಿ ಆಗೇತೇನು?
ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ
ಬಾಯಿಬಿಟ್ಟು ಕೇಳಿದಳಲ್ಲ ಅಂತ
ಗಂಟಲು ಕಟ್ಟಿತು.
"ಎಲ್ಲಿ ಆಗೇತಿ, ಹಂಗೇ ಐತಲ್ಲ" ಅಂದೆ.
ಅವಳು ಡಬ್ಬಿ ಮುಚ್ಚಿಕೊಂಡು ಒಳಗೆ ಹೋದಳು.
ಆ ಸಪ್ಪನೆ ಚಹಾ ತಳದ ತನಕ ಕುಡಿದೆ.

ಹಿಡಿ, ಇದು ನಿನ್ನ ಜೊತೆ.
ಬೀಡಿ ಸುತ್ತಿದ ಹಾಗೆ ಸಣ್ಣಗೆ ಹೊಸೆ,
ಬಲಗೈಯನ್ನು ತಲೆಯ ಹಿಂದಿನಿಂದ ತಂದು
ಮೇಷ್ಟ್ರು ಹಿಂಡುತ್ತಿದ್ದರಲ್ಲ, ಹಾಗೆ ಎಡಗಿವಿ ಮೇಲಕ್ಕೆಳೆ,
ತೂರಿಸು, ಬೆರಳಲ್ಲಿ ಒತ್ತಿ ಹಿಡಿ, ಮೂವತ್ತು ಎಣಿಸು.
ಎಲ್ಲ ದೂರ ಹೋದ ಹಾಗೆ ಅನ್ನಿಸುತ್ತದೆ,
ನಿನ್ನ ಎಂಜಲು ನುಂಗುವ ಸದ್ದು ಮಾತ್ರ ಹತ್ತಿರ.
ಹೆದರಬೇಡ. ಚಪ್ಪಲಿ ಬಿಡು.
ದಪ್ಪ ತಂತಿ ಮೀಟಿ ನೋಡು,
ಹಲಗೆ ಅಂಗಾಲಿಗೆ ಬಂದು ಹೇಳುತ್ತದೆ
ನೀನು ಶ್ರುತಿಯಲ್ಲಿದ್ದೀಯೋ ಇಲ್ಲವೋ.

ಇನ್ನೊಂದು ಜೊತೆ ದಾವಲಸಾಬನಿಗೆ ಕೊಡು.
ನಾನು ನಾಲ್ಕು ಸಲ ಹೇಳಿದೆ, ಕೇಳಲಿಲ್ಲ.
ಕೂಗಬೇಡ.
ಎದುರಿಗೆ ಹೋಗಿ, ತುಟಿ ಕಾಣುವ ಹಾಗೆ ನಿಂತು ಕೊಡು.