ಅಳತೆ ಪುಸ್ತಕ

ಚೌಕಿಪೇಟೆಯ ಬೊಂಗಾಳೆ ಮಾಮ ಹೊಲಿದುಕೊಟ್ಟ
ಹೊಸ ಲ್ಯಾಬ್ ಕೋಟಿನ ತೋಳು ಗಿಡ್ಡ ಬಂತು.
ಅಂಕಿ ಸರಿಯಾಗಿಯೇ ಬರೆದಿದ್ದರಂತೆ,
ಬರೆದದ್ದು ಅವರಿಗೇ ಓದಲಾಗಲಿಲ್ಲ.

ಕೆಂಪು ರಟ್ಟಿನ ಪುಸ್ತಕ ಬಿಚ್ಚಿ ತೋರಿಸಿದರು:
ತೊಂಬತ್ತೆಂಟರಲ್ಲಿ ಯಾರದೋ ಎದೆ ಮೂವತ್ತೆಂಟು, ಹುಣಸೆಬೀಜದಷ್ಟು ದಪ್ಪ.
ಆಮೇಲೆ ಹೆಸರುಕಾಳು. ಆಮೇಲೆ ರಾಗಿ.
ಈ ಯುಗಾದಿಯದು ಇರುವೆ ನಡೆದ ಹಾಗೆ.
"ಕಣ್ಣಿನ ದೋಷ ಅಲ್ಲವ್ವ, ಕೈ ಜಿಪುಣ ಆಗೇತಿ."

ಮಡಿಲಲ್ಲಿ ಬಿಟ್ಟ ಬಲಗೈ
ಹೆಬ್ಬೆರಳಿಗೆ ತೋರುಬೆರಳು ಹೊಸೆಯುತ್ತಲೇ ಇತ್ತು,
ಇಲ್ಲದ ನೂಲಿನ ತುದಿಗೆ ಗಂಟು ಹಾಕುತ್ತ.

ನನ್ನ ಕೆಲಸ ಇನ್ನೂ ಸಣ್ಣದರಲ್ಲಿ.
ಸಂತೆಬೆನ್ನೂರಿನ ಬೇಲಿಯಿಂದ ತಂದ ನಸಗುನ್ನಿ,
ಕಾಯಿ ಸೋಕಿ ಮೊಣಕೈವರೆಗೂ ನವೆ,
ಸಗಣಿ ಬಳಿದುಕೊಂಡು ಎರಡು ದಿನ ಹಾಸ್ಟೆಲಿನಲ್ಲಿ ಕೂತಿದ್ದೆ.
ಮಿದುಳು ಕೇಳುವ ವಸ್ತು ಆ ಬೀಜದೊಳಗೇ ಇದೆ;
ನುಂಗಿದರೆ ಬಹುಪಾಲು ದಾರಿಯಲ್ಲೇ ಖರ್ಚು.
ಅದಕ್ಕೇ ಏಡಿಚಿಪ್ಪಿನಿಂದ ತೆಗೆದದ್ದರಲ್ಲಿ ಅಂಗಿ ತೊಡಿಸಿ
ಮೂಗಿನ ದಾರಿ ಹಿಡಿಸುತ್ತೇನೆ,
ಒಂದು ಕೂದಲ ಅಡ್ಡಗಲಕ್ಕೆ ಐನೂರು ಅಂಗಿ.
ಮಿದುಳಿನ ಗೋಡೆಗೆ ಬಾಗಿಲಿಲ್ಲ, ಕಾಜಾ ಇದ್ದೀತೆಂದು ತಡಕುತ್ತೇನೆ.
ಗುಂಡಿ ದೊಡ್ಡದಾದರೆ ನುಗ್ಗದು, ಸಣ್ಣದಾದರೆ ನಿಲ್ಲದು.
ಇದನ್ನು ಮೊದಲು ಹೇಳಿದ್ದೂ ಮಾಮನೇ,
ನನ್ನ ಒಂಬತ್ತನೇ ಕ್ಲಾಸಿನ ಯೂನಿಫಾರ್ಮು ಕಾಲ ಮೇಲಿಟ್ಟುಕೊಂಡು.

"ಯಾರಿಗೆ ತೊಡಿಸಿ ನೋಡ್ದೆ?"
"ಇಲಿಗೆ."
"ಹೆಂಗ್ ಬಂತು?"
ತಿರುಗುವ ಕೋಲಿನ ಮೇಲೆ ಹನ್ನೊಂದು ಸೆಕೆಂಡು ನಿಲ್ಲುತ್ತಿದ್ದವು
ನಲವತ್ತು ನಿಂತವು. ಆರರಲ್ಲಿ ನಾಲ್ಕು.
ಬಿದ್ದ ಎರಡನ್ನೂ ಹೇಳಿದೆ.

ಮನುಷ್ಯರಿಗೆ ಯಾವಾಗ ಎಂದು ಕೇಳಲಿಲ್ಲ ಅವರು.
ಕೇಳಿದ್ದರೆ ಹತ್ತು ವರ್ಷ ಎನ್ನುತ್ತಿದ್ದೆ;
ಹತ್ತು ಎನ್ನುವುದು ನಮ್ಮ ಲ್ಯಾಬಿನಲ್ಲಿ
ಗೊತ್ತಿಲ್ಲ ಎಂಬುದಕ್ಕೆ ಇರುವ ಅಂಕಿ.

"ಇಲಿಗೆ ಅಳತೆ ಯಾರು ತಗಂಡ್ರು?" ನಗುತ್ತ
ಕೊರಳಿನ ಟೇಪು ಎಳೆದು ನನ್ನ ಭುಜಕ್ಕಿಟ್ಟರು.
ಬಟ್ಟೆ ಮುಟ್ಟಿದ್ದೇ ತಡ ಬೆರಳು ಸುಮ್ಮನಾದವು,
ಒಂದು ಉಸಿರಿನಷ್ಟು ಹೊತ್ತು.
"ಇಪ್ಪತ್ತೆರಡೂವರೆ. ನೀನೇ ಬರ್ಕ, ದಪ್ಪಗೆ."

ಬರೆದೆ.
ಅವರ ಇರುವೆ ಸಾಲಿನ ಕೆಳಗೆ ನನ್ನ ಅಂಕಿ
ಅಂಗಡಿ ಬೋರ್ಡಿನ ಹಾಗೆ ಕೂತಿತು,
ನನಗೇ ನಾಚಿಕೆಯಾಗುವಷ್ಟು ದೊಡ್ಡದಾಗಿ.