ಹಾಲಿ

ದುರ್ಗಿಗುಡಿಯ ಅಡ್ಡರಸ್ತೆ, ಗುತ್ಯಮ್ಮ ಪ್ರಿಂಟರ್ಸ್.
ಹದಿನೈದು ವರ್ಷದಿಂದ ಇದೇ ಕುರ್ಚಿ, ಇದೇ ಮೌಸು
ಅಲ್ಲ, ಮೌಸು ನಾಲ್ಕನೆಯದು.
ಹುಚ್ಚರಾಯಪ್ಪನವರ ಮುಖ ಮಾತ್ರ ಒಂದೇ.

ಎಡಗಿವಿಯ ಕೆಳಗಿನ ನರೂಲಿ ಎಷ್ಟು ಚುಕ್ಕಿ ಅಗಲವೆಂದು
ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.
ನನಗೆ ಗೊತ್ತು. ನಾನೂರು ಪಟ್ಟು ಹಿಗ್ಗಿಸಿ
ಅಳಿಸಿದವಳು ನಾನು.
ಮೊದಲ ಚುನಾವಣೆಗೆ ಕಣ್ಣಡಿಯ ಕಪ್ಪು,
ಎರಡನೆಯದಕ್ಕೆ ಹಣೆಯ ಗೆರೆ,
ಮೂರನೆಯದಕ್ಕೆ ತಲೆಯ ನರೆ ಪೂರ್ತಿ.
ಕಿಣಿ ಮಾಮ ನಗುತ್ತಿದ್ದರು:
"ಅವರಿಗೆ ವಯಸ್ಸಾಗೋದು ನಿನ್ನ ಕೈಲಿದೆ ಕಣೆ."

ಈ ಸಲ ಪಟ್ಟಿ ಬರುವ ಮೊದಲೇ
ಇಪ್ಪತ್ತು ಸಾವಿರ ಅಚ್ಚಾಗಿತ್ತು;
ಕೆಳಗೆ ನಿಯಮದಂತೆ ಪ್ರೆಸ್ಸಿನ ಹೆಸರು, ಪ್ರತಿಗಳ ಸಂಖ್ಯೆ.
ಹಾಲಿಗೆ ಟಿಕೆಟ್ ತಪ್ಪುವುದುಂಟೆ?
ಮೊದಲ ಪಟ್ಟಿಯಲ್ಲಿ ಇಲ್ಲ. ಇರಲಿ.
ಎರಡನೆಯದರಲ್ಲೂ ಇಲ್ಲ. ದಿಲ್ಲಿಯಲ್ಲಿ ಮಾತುಕತೆ.
ಮೂರನೆಯದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಬಂತು,
ಲೋಹಿತನ ಹೆಸರು ಹೊತ್ತು.
ಲೋಹಿತ: ಅವರ ಕರಡು ಹಿಡಿದು ಇಲ್ಲಿಗೆ ಬರುತ್ತಿದ್ದ ಹುಡುಗ,
ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಲ್ಲಿ
ಸುತ್ತು ಹಾಕಿ ಕೊಡುತ್ತಿದ್ದವನು.

ಮರುದಿನ ಕರೆಂಟು ಬಂದು
ಯುಪಿಎಸ್ಸಿನ ಕೂಗು ನಿಂತ ಹೊತ್ತಿಗೆ
ಅವರೇ ಬಂದರು. ಹೊರಗೆ ನಾಲ್ಕು ಬೊಲೆರೋ.
"ಪಕ್ಷೇತರ! ಪಕ್ಷೇತರ!"
ಎದುರಿನ ಮಂಡಕ್ಕಿ ಅಂಗಡಿಯವ ಶಟರು ಅರ್ಧ ಎಳೆದ.
ನನ್ನ ಪಕ್ಕ ಸ್ಟೂಲಿನ ಮೇಲೆ ಕೂತರು.
ಅಷ್ಟು ಹತ್ತಿರದಿಂದ ಆ ಮುಖ
ನೋಡಿದ್ದು ಅದೇ ಮೊದಲು.
ಅಳಿಸಿದ್ದೆಲ್ಲ ಅಲ್ಲಿತ್ತು.

"ಚಿಹ್ನೆ ತೆಗೆದು ನೋಡಮ್ಮ."
ತೆಗೆದೆ. ಬಲಭುಜದ ಮೇಲೊಂದು ಬಿಳಿ ತೂತು.
ಅವರದೇ ಅಂಗಿಯಿಂದ ಬಟ್ಟೆ ಕದ್ದು
ತೇಪೆ ಹಾಕಿದೆ.
"ಬೇರೆ ಯಾವ್ಯಾವ ಚಿಹ್ನೆ ಇದಾವೆ?"
ಹೊಲಿಗೆ ಯಂತ್ರ, ಬ್ಯಾಟು, ತೆಂಗಿನಕಾಯಿ, ಕುಕ್ಕರು
ಒಂದೊಂದಾಗಿ ಭುಜಕ್ಕೆ ಅಂಟಿಸಿ ತೋರಿಸಿದೆ.
ಕುಕ್ಕರಿಗೆ ಅವರೇ ನಕ್ಕರು:
"ಮನೇಲಿ ಹೇಳಿದ್ರೆ, ನಿಜವಾದ್ದೇ ತನ್ನಿ ಅಂತಾಳೆ."
ಆಮೇಲೆ ತುಂಬ ಹೊತ್ತು ಮಾತಿಲ್ಲ.

ಹೆಸರಿನ ಕೆಳಗೆ ಏನು ಹಾಕಲಿ?
ಎಣಿಕೆಯ ದಿನದವರೆಗೆ ಹಾಲಿಯೇ.
ಮಾಜಿಯಾಗಲು ಇನ್ನೂ ನಲವತ್ತು ದಿನ.
ಇದಕ್ಕೂ ಎರಡಕ್ಷರ, ಅದಕ್ಕೂ ಎರಡಕ್ಷರ,
ಜಾಗದ ತೊಂದರೆಯೇನಿಲ್ಲ.
ಇದನ್ನು ನಾನು ಕೇಳಲಿಲ್ಲ. ಕರ್ಸರು ಮಿಣುಕುತ್ತಿತ್ತು,
ಸಾಗರದ ಕೊನೆಯ ಬಸ್ಸು ತಪ್ಪಿದವರು
ನಿಲ್ದಾಣದ ಗಡಿಯಾರ ನೋಡುವ ಹಾಗೆ
ಅವರು ಅದನ್ನೇ ನೋಡುತ್ತಿದ್ದರು.

"ಹಿಂದೆ ದಾರಿ ಇದೆಯಾ?"
ಬೈಂಡಿಂಗ್ ಕೋಣೆ ತೋರಿಸಿದೆ.
ತಮ್ಮದೇ ಇಪ್ಪತ್ತು ಸಾವಿರ ಮುಖಗಳ ಕಟ್ಟಿನ ನಡುವೆ
ಅಡ್ಡಡ್ಡ ಸರಿದು, ಪಂಚೆ ಎತ್ತಿ ಚರಂಡಿ ದಾಟಿ
ಹೋದರು.
ಮುಂದುಗಡೆ ಇನ್ನೂ ಅರ್ಧ ಗಂಟೆ
ಪಕ್ಷೇತರ, ಪಕ್ಷೇತರ.
ಕಡೆಗೆ ಕಿಣಿ ಮಾಮನೇ ಹೋಗಿ ಹೇಳಿದರು.
ಸ್ಟೂಲಿನ ಮೇಲೆ ಬಾಕಿ ಬಿಲ್ಲಿನ ದುಡ್ಡಿತ್ತು.
ಹಿಂದಿನ ಚುನಾವಣೆಯದು.

ಸೋಮವಾರ ಲೋಹಿತ ಬಂದ.
ಎಂದೂ ಬಿಡದವನು ಚಪ್ಪಲಿ ಹೊರಗೆ ಬಿಟ್ಟ.
ಕರಡಿನಲ್ಲಿ ಅದೇ ಸೇತುವೆ, ಅದೇ ಹಕ್ಕುಪತ್ರ,
ಅದೇ ನಿಮ್ಮ ಮನೆಯ ಮಗ.
ಒತ್ತಕ್ಷರ ಒಂದೂ ತಪ್ಪಿರಲಿಲ್ಲ.
ಪರದೆಯ ಮೇಲೆ ತನ್ನ ಫೋಟೋ ನೋಡಿ
ಮುಖ ಸಣ್ಣ ಮಾಡಿದ:
"ತೀರಾ ಹುಡುಗನ ಹಾಗೆ ಕಾಣ್ತೀನಿ ಅಕ್ಕಾ.
ಕಿವಿ ಹತ್ತಿರ ಸ್ವಲ್ಪ ಬಿಳಿ ಕೂದಲು
ಹಾಕೋಕಾಗುತ್ತಾ?"

ಆಗುತ್ತೆ ಅಂದೆ.
ಹಳೆಯ ಫೈಲು ತೆರೆದೆ.
ಹದಿನೈದು ವರ್ಷ ಅಳಿಸಿದ್ದನ್ನು
ನಾನು ಎಸೆದಿರಲಿಲ್ಲ.