ಕಡಲು ಬೀಳದ ಪಟ

ಅಪ್ಪನದು ಒಂದೇ ಹಟ: ಬೆಳಕು ಮೋರೆಗೆ ಬೀಳಬೇಕು.
ಹಾಗಾಗಿ ಕಾಲೇಜಿನ ಅಷ್ಟೂ ಗ್ರೂಪ್ ಫೋಟೋಗಳಲ್ಲಿ
ಎಲ್ಲರೂ ಪಡುವಣಕ್ಕೆ ತಿರುಗಿ ಕಣ್ಣು ಕಿರಿದು ಮಾಡಿದ್ದಾರೆ.
ಕಡಲು ಕ್ಯಾಮೆರಾದ ಬೆನ್ನಿಗಿತ್ತು.
ಕಾರವಾರದ ಪಟಗಳಲ್ಲಿ ಕಡಲಿಲ್ಲ.

ಮೂರು ಕಾಲಿನ ಸ್ಟ್ಯಾಂಡು ನನ್ನ ಹೆಗಲಿಗೆ,
ಗಾಜಿನ ಪ್ಲೇಟು ಮಾತ್ರ ಅಪ್ಪ ಯಾರಿಗೂ ಕೊಡುವವನಲ್ಲ.
ಸ್ಟಾಫ್ ರೂಮಿನ ಹದಿಮೂರು ಕುರ್ಚಿ, ನೆಲಕ್ಕೆ ಜಮಖಾನೆ,
ಹಿಂದೆ ನಿಲ್ಲುವವರಿಗೆ ಪ್ರಯೋಗಶಾಲೆಯ ಬೆಂಚು.
ಎತ್ತರದವರು ನಡುವೆ, ಗಿಡ್ಡರು ಅಂಚಿಗೆ:
ಹೆಂಚಿನ ಮಾಡಿನ ಹಾಗೆ ಇಳಿಯಬೇಕು ತಲೆಗಳ ಸಾಲು.

ಆ ವರ್ಷ ಹುಡುಗಿಯರು ಇಬ್ಬರೇ,
ಶೆವಂತಿ ಬಾಂದೇಕರ, ರೊಜಾಲಿನ್ ಲೋಬೊ.
ಅವರಿಗೂ ಗಣಿತದ ಮಾಸ್ತರರಿಗೂ ನಡುವೆ
ಒಂದು ಕುರ್ಚಿ ಖಾಲಿ ಇರಲಿ ಅಂದರು ಪ್ರಿನ್ಸಿಪಾಲರು.
ಹಲ್ಲು ಬಿದ್ದ ಬಾಯಿ ಆಗ್ತದೆ ಪಟ, ಅಂದ ಅಪ್ಪ.
ಕೊನೆಗೆ ಅಲ್ಲಿ ಕ್ರೋಟನ್ ಗಿಡದ ಕುಂಡ ಕೂತಿತು.
ಈಗಲೂ ಕೂತಿದೆ,
ಡಿಗ್ರಿ ಪಡೆದವರ ಗತ್ತಿನಲ್ಲಿ.

ಕೋಡಿಬಾಗದ ತಾರಿ ತಡವಾಯಿತು.
ಕಾಳಿ ದಾಟಿ ಬರುವ ನಾಲ್ವರಿಗಾಗಿ
ಅರವತ್ತು ಜನ ಉಸಿರು ಬಿಗಿದು, ಬಿಟ್ಟು, ಬಿಗಿದು...
ಬಂದರು, ಮೊಣಕಾಲ ತನಕ ಒದ್ದೆ.
"ಹಿಂದಿನ ಸಾಲು, ಎಡದ ಕೊನೆ."
ಸೊಂಟದಿಂದ ಕೆಳಗೆ ಅವರಿಗೆ ಇನ್ನೂ ಹೊಳೆ ಇದೆ,
ಮುಂದಿನವರ ತಲೆ ಅಡ್ಡ.

ಕರಿ ಬಟ್ಟೆಯೊಳಗೆ ಅವತ್ತು ನನ್ನನ್ನೂ ಎಳೆದುಕೊಂಡ.
ಬೀಡಿ, ಬೆವರು, ಹೈಪೋ ವಾಸನೆ.
ಮಬ್ಬು ಗಾಜಿನಲ್ಲಿ ಇಡೀ ಕಾಲೇಜು
ಬಾವಲಿ ಹಾಗೆ ತಲೆಕೆಳಗು.
ಕುಂಡದ ಮಣ್ಣು ಉದುರಲಿಲ್ಲ,
ಪ್ರಿನ್ಸಿಪಾಲರ ಪೇಟ ಬೀಳಲಿಲ್ಲ.
ನಗು ತಡೆಯಲಿಲ್ಲ ನನಗೆ, ಬಟ್ಟೆ ಅಲುಗಿತು,
ಒಂದು ಏಟು ಬಿತ್ತು.

ಮುಚ್ಚಳ ತೆಗೆದ. ಎರಡು ಎಣಿಸಿದ. ಹಾಕಿದ.

"ಆಯ್ತು" ಅಂದದ್ದೇ ತಡ, ಸಾಲು ಕದಡಿತು.
ಒಂದು ಪ್ಲೇಟು ಉಳಿದಿತ್ತು. ಯಾಕೋ,
ಹೇಳದೆ ಕೇಳದೆ ಅದನ್ನೂ ತೆರೆದ.
ಅದರಲ್ಲಿ ಯಾರಿಗೂ ಮೋರೆಯಿಲ್ಲ, ಬರೀ ಹೊಗೆ:
ಬೆಂಚು ಹೊತ್ತ ಹೊಗೆ, ಪೇಟ ಬಿಚ್ಚುವ ಹೊಗೆ.
ಅಲುಗದವಳು ಶೆವಂತಿ ಒಬ್ಬಳು.
ಕುಂಡವನ್ನು ನೆಲಕ್ಕಿಳಿಸಿ ಆ ಕುರ್ಚಿಯಲ್ಲಿ ಕೂತು
ನಮ್ಮ ಬೆನ್ನ ಹಿಂದೆ ನೋಡುತ್ತಿದ್ದಾಳೆ.

ಕೆಟ್ಟ ಪ್ಲೇಟು ತೊಳೆದು ಕಿಟಕಿಗೆ ಹಾಕುವ ಕಾಲ.
ಇದನ್ನು ತೊಳೆಯಲಿಲ್ಲ. ಪ್ರಿಂಟೂ ಹಾಕಲಿಲ್ಲ.

ಮೊನ್ನೆ ಬೆಳಕಿಗೆ ಹಿಡಿದೆ.
ನೆಗೆಟಿವ್ ಅಲ್ಲವೆ, ಅವಳ ಕೂದಲು ಆಗಲೇ ಬೆಳ್ಳಗೆ.
ಕಣ್ಣಿನ ಗೊಂಬೆಗೆ ಅಡ್ಡಲಾಗಿ ಒಂದು ಸಣ್ಣ ಗೆರೆ,
ಗಾಜಿಗೆ ಬಿದ್ದ ಗೀರೋ, ಕಡಲೋ.

ಅಪ್ಪನಿದ್ದರೆ
ಪೆನ್ಸಿಲ್ ಚೂಪು ಮಾಡಿ ತಿದ್ದಿಬಿಡುತ್ತಿದ್ದ.